ಹವಾಮಾನ ಬದಲಾವಣೆಗೆ ಸಣ್ಣ ರೈತರು ಹೇಗೆ ಹೊಂದಿಕೊಳ್ಳಬಹುದು?

ಮೊದಲು ಮಣ್ಣು ನೋಡಿಕೊಳ್ಳಿ, ಉಳಿದದ್ದೆಲ್ಲ ಆಮೇಲೆ. ಈಗ ಮಳೆ ಬಂದರೆ ಒಂದೇ ಸಲ ಜಾಸ್ತಿ, ಇಲ್ಲಾಂದ್ರೆ ವಾರಗಟ್ಟಲೆ ನಾಪತ್ತೆ, ಅಲ್ವಾ? ಬರಿ ನೆಲದ ಮೇಲೆ ಜೋರು ಹನಿ ಬಿದ್ದರೆ ಮೇಲ್ಮಣ್ಣು ಗಟ್ಟಿ ಪದರವಾಗುತ್ತದೆ. ನೀರು ಇಂಗದೆ, ಮಣ್ಣನ್ನೂ ಹೊತ್ತುಕೊಂಡು ಹರಿದುಹೋಗುತ್ತದೆ. ಅದಕ್ಕೇ ಕೊಯ್ಲಾದ ಮೇಲೆ ಕೂಳೆ, ದಂಟು ಸುಡಲೇಬೇಡಿ. ಸಾಲುಗಳ ನಡುವೆ ಹೊದಿಕೆಯಾಗಿ ಹರಡಿ. ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಕೊಳೆತ ಮೇಲೆ ಅದೇ ಗೊಬ್ಬರ.

ಒಂದೇ ಬೆಳೆಯನ್ನು ನೆಚ್ಚಿಕೊಳ್ಳಬೇಡಿ. ಜೋಳ, ಸಜ್ಜೆಯ ಜೊತೆ ತೊಗರಿ ಹಾಕಿ. ಅದರ ಬೇರು ಆಳಕ್ಕೆ ಇಳಿಯುವುದರಿಂದ ನಡುವೆ ಮಳೆ ತಪ್ಪಿದರೂ ತಡೆದುಕೊಳ್ಳುತ್ತದೆ. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನೂ ಹಿಡಿದಿಡುತ್ತವೆ. ಸಾಧ್ಯವಾದರೆ ಬಿತ್ತನೆಯನ್ನು ಎರಡು ಕಂತಿನಲ್ಲಿ ಮಾಡಿ. ಸಾಲ ಮಾಡಿ ಕೊಳವೆಬಾವಿ ಕೊರೆಸುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಅದರ ಬದಲು ಬದು ಹಾಕಿ, ಬಿದ್ದ ಮಳೆಯನ್ನು ಹೊಲದಲ್ಲೇ ನಿಲ್ಲಿಸಿ.