‘ಸಾರೀನೂ ಅದೇ ವಾಯ್ಸ್‌ನಲ್ಲಿ ಕೇಳ್ತೀನಿ ಮೇಡಂ’

ನಾನು ಆಪ್ತಸಮಾಲೋಚಕಿ. ಜನರನ್ನು ನಗಿಸಿ ಬದುಕುವವರು ಈಚೆಗೆ ನನ್ನ ಬಳಿ ಜಾಸ್ತಿ ಬರುತ್ತಿದ್ದಾರೆ. ತರುವ ಸಂಕಟವೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಇವರು ಎಫ್‌ಎಂ ಒಂದರ ಬೆಳಗಿನ ಶೋ ಆರ್‌ಜೆ. ಹಿರಿಯ ನಟರೊಬ್ಬರು ಯಾವುದೋ ಸಮಾರಂಭದಲ್ಲಿ ಮೈಕ್ ಮುಂದೆ ತಡವರಿಸಿದ್ದರು. ಮರುದಿನ ಇವರು ಅದರ ಮಿಮಿಕ್ರಿ ಮಾಡಿದರು. ಹಿಟ್ ಆಯಿತು. ಆಮೇಲೆ ದಿನಾ ಅದೇ: ಆ ನಟ ಟ್ರಾಫಿಕ್‌ನಲ್ಲಿ, ದರ್ಶಿನಿಯಲ್ಲಿ, ಕರೆಂಟ್ ಆಫೀಸಿಗೆ ಫೋನ್ ಮಾಡಿದಾಗ. ಕೊನೆಗೆ ಅಭಿಮಾನಿಗಳು ತಿರುಗಿಬಿದ್ದರು. ಇವರಿಗೆ ನಿದ್ದೆ ಹೋಯಿತು.

“ಜನಕ್ಕೆ ನಗೋದೇ ಮರೆತುಹೋಗಿದೆ” ಎಂದರು. ಬಂದ ಮೆಸೇಜ್‌ಗಳನ್ನು ಓದಿ ಎಂದೆ. ಬೈಗುಳ, ಬೆದರಿಕೆಗಳನ್ನೆಲ್ಲ ಸರಸರ ಓದಿದರು. ಒಂದರ ಹತ್ತಿರ ದನಿ ನಿಧಾನವಾಯಿತು. ಬರೆದವರು ಹೈಸ್ಕೂಲ್ ಮೇಷ್ಟ್ರು. “ನನಗೂ ಉಗ್ಗು ಇದೆ. ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ ನಿಮ್ಮ ಡೈಲಾಗ್ ಬರುತ್ತದೆ. ಬೈಯಲು ಹೋದರೆ ಅಲ್ಲೂ ಉಗ್ಗುತ್ತೇನೆ.”

“ಇದೂ ಅದೇ ಗುಂಪು ಬಿಡಿ. ಎಲ್ಲರಿಗೂ ಸೇರಿಸಿ ಆನ್ ಏರ್ ಸಾರಿ ಕೇಳ್ತೀನಿ. ಆ ನಟರ ವಾಯ್ಸ್‌ನಲ್ಲೇ.”

ನಾನು 2008ರ ಬಿಬಿಸಿ ರೇಡಿಯೋ 2 ಪ್ರಕರಣ ನೆನಪಿಸಿದೆ. ಹಾಸ್ಯಗಾರ ರಸೆಲ್ ಬ್ರ್ಯಾಂಡ್ ಮತ್ತು ನಿರೂಪಕ ಜೊನಾಥನ್ ರಾಸ್, 78 ವರ್ಷದ ನಟ ಆಂಡ್ರ್ಯೂ ಸ್ಯಾಕ್ಸ್ ಅವರ ಆನ್ಸರಿಂಗ್ ಮೆಶೀನಿನಲ್ಲಿ ಅವರ ಮೊಮ್ಮಗಳ ಬಗ್ಗೆ ಅಸಹ್ಯವಾಗಿ ಮಾತಾಡಿದ್ದರು. ಆಮೇಲೆ ಕ್ಷಮೆ ಕೇಳುವ ನೆಪದಲ್ಲಿ ಮತ್ತೆ ಮತ್ತೆ ಫೋನ್ ಮಾಡಿದರು. ಆ ಕ್ಷಮೆಯೂ ಜೋಕೇ ಆಯಿತು. ಅದು ಮೊದಲೇ ರೆಕಾರ್ಡ್ ಮಾಡಿದ ಕಾರ್ಯಕ್ರಮ, ಕತ್ತರಿಸಬಹುದಿತ್ತು. ಯಾರೂ ಕತ್ತರಿಸಲಿಲ್ಲ. ಮರುವರ್ಷ ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಬಿಬಿಸಿಗೆ 1.5 ಲಕ್ಷ ಪೌಂಡ್ ದಂಡ ಹಾಕಿತು.

ಆರ್‌ಜೆಗೆ ಇದು ಗೊತ್ತಿತ್ತು. “ಮೊದಲು ಬಂದಿದ್ದು ಎರಡೇ ದೂರು ಅಲ್ವಾ ಮೇಡಂ? ಪೇಪರಿನಲ್ಲಿ ಬಂದ ಮೇಲೆ ತಾನೆ ಸಾವಿರಗಟ್ಟಲೆ ಆಗಿದ್ದು?”

“ಹೌದು. ಎರಡೇ ದೂರು ಇದ್ದಾಗ ಆ ಮುದುಕರಿಗೆ ನೋವು ಕಡಿಮೆ ಇತ್ತಾ?”

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಹೇಳಿದರು: “ಮೊದಲ ದಿನ ಆ ಸಮಾರಂಭದ ಜೋಕ್ ಇತ್ತು. ಈಗ ಉಗ್ಗು ಮಾತ್ರ ಉಳಿದಿದೆ.”

ನನ್ನ ಸಲಹೆ ಇಷ್ಟು. ಬೆದರಿಕೆಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ. ಬೆದರಿಸಿದವರಿಗೆ ಉತ್ತರಿಸಬೇಡಿ, ಅವರ ಕ್ಷಮೆಯನ್ನೂ ಕೇಳಬೇಡಿ. ಮೇಷ್ಟ್ರಿಗೆ ನೀವೇ ಬರೆಯಿರಿ. ಜೋಕ್ ಬೇಡ, “ನೋವಾಗಿದ್ದರೆ” ಅನ್ನೋದೂ ಬೇಡ. ಅವರು ಆಗಲೇ ಹೇಳಿದ್ದಾರಲ್ಲ, ಆಗಿದೆ ಅಂತ. ಆನ್ ಏರ್ ಅವರ ಪ್ರಸ್ತಾಪ ಬೇಡವೇ ಬೇಡ. ಸೆಗ್ಮೆಂಟ್ ನಿಲ್ಲಿಸಿ, ವಿದಾಯದ ಎಪಿಸೋಡ್ ಮಾಡದೆ.

ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಿದ್ದೆಗೆ ಸಲಹೆ ಕೊಡಬೇಕಾದವರು ಸ್ಕ್ರಿಪ್ಟಿಗೆ ಕೈ ಹಾಕಿದಿರಿ ಅಂತ. ನನಗೆ ಹಾಗನ್ನಿಸುವುದಿಲ್ಲ. ಅವರ ನಿದ್ದೆ ಕೆಡಿಸಿದ್ದು ಬರೀ ಬೆದರಿಕೆಯಾಗಿದ್ದರೆ, ಆ ಒಂದು ಮೆಸೇಜ್ ಓದುವಾಗ ದನಿ ಯಾಕೆ ಇಳಿಯಿತು? ಎಲ್ಲ ಆಕ್ಷೇಪವನ್ನೂ ಒಂದೇ ಮೂಟೆಗೆ ಕಟ್ಟಿ ‘ಜನ ಸೂಕ್ಷ್ಮವಾಗಿಬಿಟ್ಟಿದ್ದಾರೆ’ ಅನ್ನುವುದು ಸುಲಭ. ಅಭಿಮಾನಿಗಳ ಗಲಾಟೆಗೆ ಹೆದರಿ ನಗುವುದನ್ನು ಬಿಡಬೇಕು ಅಂತಲೂ ನಾನು ಹೇಳುವುದಿಲ್ಲ. ಆ ನಟರ ಸಿನಿಮಾ, ಭಾಷಣ, ಜಂಬ ಎಲ್ಲವನ್ನೂ ಗೇಲಿ ಮಾಡಲಿ. ಅವು ಅವರು ಆರಿಸಿಕೊಂಡದ್ದು. ನಾಲಿಗೆ ತೊಡರುವುದು ಆರಿಸಿಕೊಂಡದ್ದಲ್ಲ.

ಮೇಷ್ಟ್ರಿಂದ ಉತ್ತರ ಬರಲಿಲ್ಲ. “ಇನ್ನೊಮ್ಮೆ ಬರೀಲಾ?” ಎಂದು ಆರ್‌ಜೆ ಕೇಳಿದರು. ಬೇಡ ಎಂದೆ. ಕ್ಷಮಿಸಿದೆ ಎಂದು ಹೇಳುವ ಕೆಲಸವನ್ನೂ ಮೇಷ್ಟ್ರ ಮೇಲೆ ಹಾಕಬಾರದು.