ಆಯಿಲ್ ಬದಲಾಯಿಸಿದ ಮರುದಿನ ಕೆಂಪು ದೀಪ ಹೊತ್ತಿಕೊಂಡಿದೆ. ಎಣ್ಣೆಯಂತೂ ಧಾರಾಳವಾಗಿದೆ, ಎಂಟು ಕಿಲೋಮೀಟರ್ ದೂರದ ಗ್ಯಾರೇಜಿನವರೆಗೆ ಓಡಿಸಬಹುದೇ?

ಬೇಡ. ಎಂಟು ಕಿಲೋಮೀಟರ್ ಹಾಗಿರಲಿ, ಮನೆಯ ಗೇಟಿನಿಂದ ರಸ್ತೆಯವರೆಗೂ ಓಡಿಸಬೇಡಿ.

ನೀವು ಬರೆದಿರುವುದನ್ನು ಮೊದಲು ಒಂದೆಡೆ ಸೇರಿಸಿಕೊಳ್ಳುತ್ತೇನೆ. ಮೊದಲ ಬಾರಿಗೆ ಅಂಗಳದಲ್ಲೇ ಕಾರಿನ ಎಂಜಿನ್ ಆಯಿಲ್ ಬದಲಾಯಿಸಿದ್ದೀರಿ. ಹೊರಬಂದ ಹಳೆಯ ಎಣ್ಣೆ ಎರಡು ಲೀಟರಿನ ಆಸುಪಾಸಿನಲ್ಲಿತ್ತು, ನೀವು ಎಣಿಸಿದಷ್ಟು ಕಪ್ಪಾಗಿರಲಿಲ್ಲ. ಕೈಪಿಡಿಯಲ್ಲಿ ಹೇಳಿರುವಂತೆ 3.1 ಲೀಟರ್ ಹೊಸ ಎಣ್ಣೆ ಸುರಿದಿದ್ದೀರಿ. ಮರುದಿನ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪ ಮಿನುಗತೊಡಗಿದೆ. ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಮೇಲಿನ ಗುರುತನ್ನೂ ದಾಟಿ ನಾಲ್ಕು ಬೆರಳು ಮೇಲಿದೆ. ಎಣ್ಣೆ ಬೇಕಾದುದಕ್ಕಿಂತ ಹೆಚ್ಚೇ ಇರುವಾಗ ಕೆಟ್ಟಿರುವುದು ದೀಪದ ಸೆನ್ಸರೇ ಇರಬೇಕು ಎಂಬುದು ನಿಮ್ಮ ತರ್ಕ. ಆರು ವರ್ಷಗಳ ಹಿಂದೆ ಹಾಸನದಿಂದ ಸಕಲೇಶಪುರಕ್ಕೆ ಹೋಗುವಾಗ ನಾನೂ ಇದೇ ತರ್ಕ ಮಾಡಿದ್ದೆ. ಅದರ ಬೆಲೆ 64,000 ರೂಪಾಯಿ.

ಆ ದೀಪಕ್ಕೂ ಎಣ್ಣೆಯ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ. ಅದು ಹೇಳುವುದು ಒತ್ತಡದ ಮಾತನ್ನು. ಹೆದ್ದಾರಿಯ ವೇಗದಲ್ಲಿ ಓಡುವ ಸಣ್ಣ ಪೆಟ್ರೋಲ್ ಎಂಜಿನ್ನಿನ ಒಳಗೆ ಎಣ್ಣೆಯ ಒತ್ತಡ ಸಾಮಾನ್ಯವಾಗಿ 3ರಿಂದ 4 ಬಾರ್ ಇರುತ್ತದೆ. ಅದು ಅರ್ಧ ಬಾರಿನ ಸಮೀಪಕ್ಕೋ ಅದಕ್ಕೂ ಕೆಳಕ್ಕೋ ಕುಸಿದಾಗ ಮಾತ್ರ ಈ ದೀಪ ಹೊತ್ತುತ್ತದೆ. ಪೆಟ್ರೋಲ್ ಮುಗಿಯುತ್ತಿದೆ ಎಂದು ಮುಂಚಿತವಾಗಿ ತಿಳಿಸುವ ಹಳದಿ ದೀಪದಂತೆ ಇದು ಎಚ್ಚರಿಕೆಯ ದೀಪವಲ್ಲ. ಇದು ಹೊತ್ತಿದಾಗ ಆಗಬಾರದ್ದು ಆಗತೊಡಗಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಡ್ಯಾಶ್‌ಬೋರ್ಡಿನಲ್ಲಿ ಅತ್ಯಂತ ಕೆಟ್ಟದಾಗಿ ಆರಿಸಿದ ಚಿತ್ರವೆಂದರೆ ಆ ಎಣ್ಣೆಗಿಂಡಿ. ಅದನ್ನು ನೋಡಿದವರಿಗೆ ಗಿಂಡಿ ಬರಿದಾಗಿದೆ ಎಂದೇ ಅನ್ನಿಸುತ್ತದೆ ಹೊರತು ಒತ್ತಡದ ನೆನಪಾಗುವುದಿಲ್ಲ.

ನನ್ನ ಪ್ರಕರಣ ನಿಮ್ಮದಕ್ಕೆ ತದ್ವಿರುದ್ಧ, ಆದರೆ ದೀಪ ಅದೇ. ಶನಿವಾರ ಸಂಜೆ ಎಣ್ಣೆಯನ್ನೂ ಆಯಿಲ್ ಫಿಲ್ಟರನ್ನೂ ನಾನೇ ಬದಲಾಯಿಸಿದೆ. ಅದು ನನ್ನ ಮೂರನೆಯ ಬಾರಿ, ಅಂದರೆ ಭಯ ಹೋಗಿ ಜ್ಞಾನ ಇನ್ನೂ ಬಂದಿರದ ಘಟ್ಟ. ಹಳೆಯ ಫಿಲ್ಟರ್ ಬಿಗಿಯಾಗಿ ಕಚ್ಚಿಕೊಂಡಿತ್ತು. ಹೇಗೋ ತಿರುಗಿಸಿ ತೆಗೆದು, ಹಳೆಯ ಎಣ್ಣೆ ತುಂಬಿದ ಬೋಗುಣಿಗೆ ಹಾಕಿದೆ. ಹೊಸದರ ರಬ್ಬರ್ ರಿಂಗಿಗೆ ಬೆರಳಿನಿಂದ ಎಣ್ಣೆ ಸವರಿ, ಕೈಯಿಂದಲೇ ಬಿಗಿ ಮಾಡಿದೆ. ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಒತ್ತದೆ ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಕೆಳಗೆ ಬಗ್ಗಿ ನೋಡಿದಾಗ ಒಂದು ಹನಿಯೂ ಇರಲಿಲ್ಲ. ನಾನು ನೋಡದೆ ಬಿಟ್ಟದ್ದು ಬೋಗುಣಿಯಲ್ಲಿದ್ದ ಹಳೆಯ ಫಿಲ್ಟರನ್ನು. ಅದರ ರಬ್ಬರ್ ರಿಂಗ್ ಅದರ ಜೊತೆಗೆ ಬಂದಿರಲಿಲ್ಲ. ಎಂಜಿನ್ನಿನ ಮೈಗೆ ಅಂಟಿಕೊಂಡು ಅಲ್ಲಿಯೇ ಉಳಿದಿತ್ತು, ಮತ್ತು ನಾನು ಅದರ ಮೇಲೆಯೇ ಹೊಸ ರಿಂಗನ್ನು ಕೂರಿಸಿದ್ದೆ.

ಒಂದರ ಮೇಲೊಂದು ಕುಳಿತ ಎರಡು ರಿಂಗುಗಳು ಐಡ್ಲಿಂಗ್‌ನ ಕಡಿಮೆ ಒತ್ತಡವನ್ನು ತಡೆದುಕೊಳ್ಳಬಹುದು. ಹೊರಗಿನ ಹೊಸ ರಿಂಗನ್ನು ಫಿಲ್ಟರಿನಲ್ಲಿರುವ ತೋಡು ಹಿಡಿದಿಟ್ಟಿರುತ್ತದೆ, ಒಳಗಿನ ಹಳೆಯ ರಿಂಗನ್ನು ಹಿಡಿದಿಡಲು ಏನೂ ಇರುವುದಿಲ್ಲ. ಭಾನುವಾರ ಬೆಳಿಗ್ಗೆ, ಆಲೂರು ತಾಲ್ಲೂಕಿನ ಪಾಳ್ಯ ದಾಟಿ ಒಂದು ಲಾರಿಯನ್ನು ಹಿಂದಿಕ್ಕಲು ವೇಗ ಹೆಚ್ಚಿಸಿದಾಗ ಅದು ಜಾರಿ ಹೊರಬಂದಿರಬೇಕು. ಹಾಗೆ ಜಾರಿದ ಮೇಲೆ ಎಣ್ಣೆ ಹನಿಯುವುದಿಲ್ಲ, ಚಿಮ್ಮುತ್ತದೆ, ಏಕೆಂದರೆ ಪಂಪ್ ಅದನ್ನು ಎಂಜಿನ್ನಿಗೆ ಕಳುಹಿಸುವ ಬದಲು ರಸ್ತೆಗೆ ಕಳುಹಿಸುತ್ತಿರುತ್ತದೆ. ದೀಪ ಹೊತ್ತಿತು. ಪಕ್ಕದಲ್ಲಿದ್ದ ಹೆಂಡತಿ “ಅದೇನು ಕೆಂಪಗೆ?” ಎಂದು ಕೇಳಿದಳು. ನಿನ್ನೆ ತಾನೆ ಭರ್ತಿ ಮಾಡಿದ್ದೇನೆ, ವೈರ್ ಎಲ್ಲೋ ಸಡಿಲವಾಗಿರಬೇಕು, ಬಾಳ್ಳುಪೇಟೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ನೋಡೋಣ ಎಂದೆ. ಬಾಳ್ಳುಪೇಟೆಯವರೆಗೆ ಹೋಗಲಿಲ್ಲ. ಸುಮಾರು ನಾಲ್ಕು ಕಿಲೋಮೀಟರ್ ಆಗುವಾಗ ಎಂಜಿನ್ನಿನ ಒಳಗಿನಿಂದ ಒನಕೆಯಲ್ಲಿ ಕುಟ್ಟಿದಂತಹ ಸದ್ದು ಆರಂಭವಾಯಿತು, ಆಮೇಲೆ ಕಾರು ತನ್ನಷ್ಟಕ್ಕೆ ತಾನೇ ನಿಂತಿತು.

ಅಷ್ಟು ಸ್ವಲ್ಪ ಹೊತ್ತಿನಲ್ಲಿ ಅಷ್ಟೊಂದು ಹಾನಿ ಹೇಗಾಯಿತು ಎಂಬುದು ನನಗೆ ಬಹಳ ದಿನ ಒಗಟಾಗಿತ್ತು. ಪಿಸ್ಟನ್ನುಗಳು ತಿರುಗಿಸುವ ಉಕ್ಕಿನ ದಂಡ, ಅಂದರೆ ಕ್ರ್ಯಾಂಕ್ ಶಾಫ್ಟ್, ಮತ್ತು ಅದನ್ನು ಹಿಡಿದಿಡುವ ಬೇರಿಂಗುಗಳ ನಡುವಿನ ಅಂತರ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು, ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಆ ಎಡೆಯಲ್ಲಿ ಎಣ್ಣೆಯ ಒಂದು ಪದರವಿದ್ದು, ಶಾಫ್ಟ್ ಲೋಹವನ್ನು ಮುಟ್ಟದೆ ಅದರ ಮೇಲೆ ತೇಲುತ್ತದೆ. 1883ರ ಸುಮಾರಿಗೆ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲ್ವೆ ಬೇರಿಂಗುಗಳನ್ನು ಪರೀಕ್ಷಿಸುವಾಗ, ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದ ರಂಧ್ರದಿಂದ ಎಣ್ಣೆ ಮೇಲಕ್ಕೆ ಉಕ್ಕಿ ಬರುವುದನ್ನು ಕಂಡರು. ಮರದ ಬೆಣೆ ಬಡಿದರೆ ಬೆಣೆಯೇ ಹೊರಗೆ ತಳ್ಳಲ್ಪಟ್ಟಿತು. ಭಾರವನ್ನು ಹೊರುವ ಒತ್ತಡ ಶಾಫ್ಟಿನ ತಿರುಗುವಿಕೆಯಿಂದಲೇ ಹುಟ್ಟುತ್ತದೆ ಎಂಬುದಕ್ಕೆ 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದ ವಿವರಣೆ ಕೊಟ್ಟರು. ಇದನ್ನು ಓದಿದ ಮೇಲೆ ನನಗೆ ಪಂಪಿನ ಕೆಲಸ ಅರ್ಥವಾಯಿತು. ಪಂಪಿನ 3–4 ಬಾರ್ ಒತ್ತಡ ಶಾಫ್ಟನ್ನು ಎತ್ತಿ ಹಿಡಿಯುವುದಿಲ್ಲ. ಬೇರಿಂಗಿನ ಅಂಚುಗಳಿಂದ ಸದಾ ಹಿಂಡಿಹೋಗುತ್ತಿರುವ ಎಣ್ಣೆಯ ಜಾಗಕ್ಕೆ ಹೊಸ ಎಣ್ಣೆಯನ್ನು ತಲುಪಿಸುತ್ತದೆ, ಅಷ್ಟೇ. ನಿಮಿಷಕ್ಕೆ 3,000 ಸುತ್ತು ಎಂದರೆ ಸೆಕೆಂಡಿಗೆ 50 ಸುತ್ತು. ಪೂರೈಕೆ ನಿಂತ ಮೇಲೆ ಉಳಿದ ಪದರ ಎಷ್ಟು ಹೊತ್ತು ಬಾಳೀತು? ಆಮೇಲೆ ಉಕ್ಕಿನ ಶಾಫ್ಟ್ ಬೇರಿಂಗಿನ ಮೆದು ಮಿಶ್ರಲೋಹವನ್ನು ಉಜ್ಜಿ ಕರಗಿಸುತ್ತದೆ. ಬೇರಿಂಗ್ ತನ್ನ ಗೂಡಿನಲ್ಲೇ ತಿರುಗಿಬಿಟ್ಟರೆ ಎಣ್ಣೆ ಬರುವ ರಂಧ್ರವೂ ಮುಚ್ಚಿಹೋಗುತ್ತದೆ.

ಹಾಸನದ ಮೇಸ್ತ್ರಿ ಫಿಲ್ಟರ್ ಬಿಚ್ಚಿ, ಅರ್ಧ ಹೊರಗೆ ಜೋತಾಡುತ್ತಿದ್ದ ಕಪ್ಪು ರಿಂಗನ್ನು ಬೆರಳಿನಲ್ಲಿ ಎತ್ತಿ ತೋರಿಸಿ, “ಇದು ಹಳೇದು ಸಾರ್, ಇಲ್ಲೇ ಉಳ್ಕೊಂಡಿತ್ತು” ಎಂದಷ್ಟೇ ಹೇಳಿದರು. ಬೈದಿದ್ದರೆ ವಾಸಿಯಿತ್ತು. ಕ್ರ್ಯಾಂಕ್ ಶಾಫ್ಟನ್ನು ಲೇತಿಗೆ ಕಳುಹಿಸಿ 0.25 ಮಿ.ಮೀ. ಸಣ್ಣದಾಗುವಂತೆ ಗ್ರೈಂಡ್ ಮಾಡಿಸಬೇಕಾಯಿತು, ಒಂದು ಕನೆಕ್ಟಿಂಗ್ ರಾಡ್ ಮತ್ತು ಆಯಿಲ್ ಪಂಪ್ ಹೊಸದಾಗಿ ಬಂದವು. ನನಗೆ ಹೊಳೆದಿರದ ಖರ್ಚೆಂದರೆ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್. ಅನೇಕ ಎಂಜಿನ್ನುಗಳಲ್ಲಿ, ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿಗೆ ಬೇರೆ ಬೇರಿಂಗ್ ಚಿಪ್ಪುಗಳಿರುವುದಿಲ್ಲ, ಅಲ್ಯುಮಿನಿಯಂ ಹೆಡ್ಡೇ ಅದರ ಬೇರಿಂಗ್. ಅಲ್ಲಿ ಗೀರು ಬಿದ್ದರೆ ಇಡೀ ಹೆಡ್ ಹೋದಂತೆ, ಆದ್ದರಿಂದ ಸೆಕೆಂಡ್ ಹ್ಯಾಂಡ್ ಹೆಡ್ ಹುಡುಕಿಸಿದೆ. ವಿಮೆಯ ಮಾತೇ ಬರಲಿಲ್ಲ. ನಮ್ಮಲ್ಲಿನ ಸಾಮಾನ್ಯ ವಾಹನ ವಿಮೆ ಯಾಂತ್ರಿಕ ವೈಫಲ್ಯವನ್ನು ಒಳಗೊಳ್ಳುವುದಿಲ್ಲ.

ಈಗ ನಿಮ್ಮ ಕಾರಿಗೆ ಬರೋಣ. ನಿಮ್ಮ ವಿವರಣೆಯಲ್ಲಿ ಮೂರು ಸಂಗತಿಗಳು ಒಂದೇ ಕಡೆಗೆ ಬೆರಳು ಮಾಡುತ್ತಿವೆ. ಸಾವಿರಾರು ಕಿಲೋಮೀಟರ್ ಓಡಿದ ಎಂಜಿನ್ ಆಯಿಲ್ ಕಪ್ಪಾಗಿಯೇ ಇರುತ್ತದೆ, ತಿಳಿಯಾಗಿ ಬಂದದ್ದು ಎಂಜಿನ್ ಆಯಿಲ್ ಆಗಿರುವ ಸಾಧ್ಯತೆ ಕಡಿಮೆ. 3.1 ಲೀಟರ್ ಹಿಡಿಯುವ ಎಂಜಿನ್ನಿನಿಂದ ಎರಡೇ ಲೀಟರ್ ಬಂದದ್ದೂ ಸರಿಹೊಂದುವುದಿಲ್ಲ. ಆದರೆ ಸಣ್ಣ ಕಾರುಗಳ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಹಿಡಿಯುವುದು ಹೆಚ್ಚುಕಡಿಮೆ ಅಷ್ಟನ್ನೇ. ಕೊನೆಯದಾಗಿ, ಡಿಪ್‌ಸ್ಟಿಕ್‌ನ ಕೆಳಗಿನ ಮತ್ತು ಮೇಲಿನ ಗುರುತುಗಳ ನಡುವಿನ ಅಂತರ ಸಾಮಾನ್ಯವಾಗಿ ಸುಮಾರು ಒಂದು ಲೀಟರನ್ನು ಸೂಚಿಸುತ್ತದೆ, ಹಾಗಿರುವಾಗ ಮೇಲಿನ ಗುರುತಿನಿಂದ ನಾಲ್ಕು ಬೆರಳು ಮೇಲೆ ಎಂದರೆ ಕೆಲವು ಲೀಟರುಗಳ ಹೆಚ್ಚಳ. ನೀವು ಬಿಚ್ಚಿದ ಬೋಲ್ಟ್ ಎಂಜಿನ್ನಿನದಲ್ಲ, ಗೇರ್‌ಬಾಕ್ಸಿನದು ಎಂದು ನನಗೆ ಬಹುಮಟ್ಟಿಗೆ ಖಚಿತವಾಗಿದೆ. ಹಳೆಯ ಎಂಜಿನ್ ಆಯಿಲ್ ಎಂಜಿನ್ನಿನಲ್ಲೇ ಇದೆ, ಅದರ ಮೇಲೆ ಹೊಸದೂ ಸೇರಿದೆ, ಗೇರ್‌ಬಾಕ್ಸ್ ಮಾತ್ರ ಬರಿದಾಗಿದೆ. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಕಾರಿನ ಕೆಳಗೆ ಅಂಗಾತ ಮಲಗಿದವನಿಗೆ ಎರಡು ಬೋಲ್ಟುಗಳೂ ಅಕ್ಕಪಕ್ಕದಲ್ಲೇ ಕಾಣಿಸುತ್ತವೆ.

ಎಣ್ಣೆ ಹೆಚ್ಚಾದರೆ ಒತ್ತಡವೂ ಹೆಚ್ಚಾಗಬೇಕಲ್ಲ ಎಂದು ನೀವು ಕೇಳಬಹುದು. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರಿನಲ್ಲಿ ಅದರ ಮಟ್ಟ ಕ್ರ್ಯಾಂಕ್ ಶಾಫ್ಟಿಗೆ ತಾಗದಷ್ಟು ಕೆಳಗಿರಬೇಕು. ಅದಕ್ಕೂ ಮೇಲೆ ಬಂದರೆ ತಿರುಗುವ ಕ್ರ್ಯಾಂಕ್ ಎಣ್ಣೆಯನ್ನು ಕಡೆಗೋಲಿನಂತೆ ಕಡೆದು ನೊರೆ ಮಾಡುತ್ತದೆ. ನೊರೆಯೆಂದರೆ ಬಹುಪಾಲು ಗಾಳಿ. ಪಂಪ್ ಆ ಗಾಳಿಯನ್ನು ಹೀರಿ ಒತ್ತಿದರೂ ಒತ್ತಡ ಏರುವುದಿಲ್ಲ, ಬೇರಿಂಗಿಗೆ ಗಾಳಿ ಬೆರೆತ ಎಣ್ಣೆ ತಲುಪಿದರೆ ಪದರವೂ ನಿಲ್ಲುವುದಿಲ್ಲ. ನಿಮ್ಮ ದೀಪ ನಿರಂತರವಾಗಿ ಉರಿಯದೆ ಮಿನುಗಿದ್ದು ಇದಕ್ಕೆ ಹೊಂದುತ್ತದೆ. ಇಷ್ಟೇ ಅಲ್ಲದೆ ಹೆಚ್ಚುವರಿ ಎಣ್ಣೆ, ಎಂಜಿನ್ನಿನೊಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಪೈಪಿನ ಮೂಲಕ ಗಾಳಿಯ ದಾರಿಗೆ ಸೇರಿ ನೀಲಿ ಹೊಗೆ ಬರಿಸಬಹುದು, ಕ್ರ್ಯಾಂಕಿನ ಆಯಿಲ್ ಸೀಲುಗಳಿಂದ ಹೊರಗೆ ಒಸರಬಹುದು.

ಆದ್ದರಿಂದ ಕಾರನ್ನು ನಿಂತಲ್ಲಿಯೇ ಸರಿಪಡಿಸಿ. ಕೈಪಿಡಿಯ ಚಿತ್ರ ನೋಡಿ ಎಂಜಿನ್ನಿನ ನಿಜವಾದ ಡ್ರೈನ್ ಬೋಲ್ಟನ್ನು ಗುರುತಿಸಿ, ಎಣ್ಣೆಯನ್ನೆಲ್ಲ ಇಳಿಸಿ. ಹೊಸದು ಹಳೆಯದರೊಂದಿಗೆ ಬೆರೆತಿರುವುದರಿಂದ ಅದನ್ನು ಉಳಿಸಿಕೊಳ್ಳುವ ಆಸೆ ಬೇಡ. ಆಯಿಲ್ ಫಿಲ್ಟರನ್ನೂ ಬಿಚ್ಚಿ, ಸಾಧ್ಯವಾದರೆ ಅದರ ಡಬ್ಬಿಯನ್ನು ಕತ್ತರಿಸಿ ಒಳಗಿನ ಮಡಿಕೆ ಕಾಗದವನ್ನು ಬಿಸಿಲಿನಲ್ಲಿ ಬಿಡಿಸಿ ನೋಡಿ. ಕಾಗೆಬಂಗಾರದ ಪುಡಿಯಂತೆ ಮಿನುಗುವ ಚೂರುಗಳು ಕಂಡರೆ ಬೇರಿಂಗ್ ಸವೆದಿದೆ ಎಂದರ್ಥ, ಆಗ ಎಂಜಿನ್ ಚಾಲೂ ಮಾಡದೆ ಮೇಸ್ತ್ರಿಯನ್ನು ಕರೆಸಿ. ಒಂದೇ ಸುತ್ತು ಓಡಿಸಿ ನಿಲ್ಲಿಸಿರುವುದರಿಂದ ಹಾಗೆ ಆಗಿರಲಾರದು ಎಂಬುದು ನನ್ನ ಅಂದಾಜು. ಗೇರ್‌ಬಾಕ್ಸಿಗೆ ಅದಕ್ಕೇ ನಿಗದಿಯಾದ ಗೇರ್ ಆಯಿಲನ್ನು ಬದಿಯ ಫಿಲ್ಲರ್ ರಂಧ್ರದಿಂದ ತುಂಬಬೇಕು, ಎಂಜಿನ್ ಆಯಿಲ್ ಅಲ್ಲ. ಇದನ್ನು ನೀವೇ ಮಾಡಲು ಧೈರ್ಯ ಬಾರದಿದ್ದರೆ ಗ್ಯಾರೇಜಿಗೆ ಸಾಗಿಸಿ, ಆದರೆ ಮುಂದಿನ ಚಕ್ರಗಳು ನೆಲದ ಮೇಲೆ ಉರುಳುವಂತೆ ಹಗ್ಗ ಕಟ್ಟಿ ಎಳೆಸಬೇಡಿ. ನಿಮ್ಮ ಕಾರಿನಲ್ಲಿ ಮುಂದಿನ ಚಕ್ರಗಳಿಗೇ ಗೇರ್‌ಬಾಕ್ಸ್ ಜೋಡಣೆಯಾಗಿರುವುದರಿಂದ, ನ್ಯೂಟ್ರಲ್‌ನಲ್ಲಿದ್ದರೂ ಅದರೊಳಗಿನ ಗೇರುಗಳು ಒಣಗಿದಂತೆಯೇ ತಿರುಗುತ್ತವೆ. ಕಾರನ್ನು ಪೂರ್ತಿಯಾಗಿ ಮೇಲೇರಿಸಿಕೊಂಡು ಹೋಗುವ ವಾಹನವನ್ನೇ ಕೇಳಿ. ಮತ್ತೊಮ್ಮೆ ಕೆಳಗೆ ಇಳಿಯುವುದಾದರೆ ಜಾಕಿಯೊಂದನ್ನೇ ನಂಬಬೇಡಿ, ಗಟ್ಟಿಯಾದ ಸ್ಟ್ಯಾಂಡುಗಳಿಲ್ಲದೆ ಕಾರಿನಡಿ ತಲೆ ಹಾಕುವುದು ಎಂಜಿನ್ನಿಗಿಂತ ದುಬಾರಿಯಾದ ತಪ್ಪು.

ಇಷ್ಟಾದ ಮೇಲೆ ಮನೆಯಲ್ಲಿ ಈ ಕೆಲಸವನ್ನೇ ಮಾಡಬಾರದೇ ಎಂದು ನೀವು ಕೊನೆಯಲ್ಲಿ ಕೇಳಿದ್ದೀರಿ. ನಾನು ಇಂದಿಗೂ ನಾನೇ ಬದಲಾಯಿಸುತ್ತೇನೆ. ಈಗ ಹಳೆಯ ಫಿಲ್ಟರನ್ನು ಬೋಗುಣಿಗೆ ಹಾಕುವ ಮೊದಲು ಅದರ ರಿಂಗನ್ನು ಕಣ್ಣಾರೆ ನೋಡುತ್ತೇನೆ, ಎಂಜಿನ್ನಿನ ಮೈಯನ್ನು ಬಟ್ಟೆಯಿಂದ ಒರೆಸಿ ಬೆರಳಾಡಿಸುತ್ತೇನೆ. ಇಳಿಸಿದ ಎಣ್ಣೆಯನ್ನು ಅಳೆಯುತ್ತೇನೆ, ಹೊಸದನ್ನು ಅರ್ಧ ಲೀಟರ್ ಕಡಿಮೆ ಸುರಿದು ಡಿಪ್‌ಸ್ಟಿಕ್ ನೋಡಿ ಉಳಿದದ್ದನ್ನು ಸೇರಿಸುತ್ತೇನೆ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡುತ್ತೇನೆ. ಕೈಯಂದಾಜಿನಲ್ಲಿ ಬಿಗಿದು ಅಲ್ಯುಮಿನಿಯಂ ಚೇಂಬರಿನ ಥ್ರೆಡ್ಡನ್ನೇ ಕಿತ್ತವರನ್ನು ನೋಡಿದ್ದೇನೆ. ಚಾಲೂ ಮಾಡಿದ ಮೇಲೆ ಐಡ್ಲಿಂಗ್‌ಗೆ ತೃಪ್ತನಾಗದೆ, ಎಂಜಿನ್ ಸ್ವಲ್ಪ ಬಿಸಿಯಾದ ಮೇಲೆ ಮನೆಯವರಲ್ಲಿ ಒಬ್ಬರಿಗೆ ಆಕ್ಸಿಲರೇಟರ್ ಒತ್ತಿ ಸುಮಾರು 3,000 ಸುತ್ತಿನಲ್ಲಿ ಕೆಲವು ಸೆಕೆಂಡು ಹಿಡಿಯಲು ಹೇಳಿ, ಬಾನೆಟ್ಟಿನ ಪಕ್ಕದಲ್ಲಿ ನಿಂತು ಟಾರ್ಚ್ ಬಿಟ್ಟು ಫಿಲ್ಟರಿನ ಬುಡವನ್ನು ನೋಡುತ್ತೇನೆ.

ನೀವು ಮೊದಲು ಇಳಿಸಿದ ಎಣ್ಣೆಯನ್ನು ಇನ್ನೂ ಇಟ್ಟುಕೊಂಡಿದ್ದರೆ ಚರಂಡಿಗೆ ಚೆಲ್ಲಬೇಡಿ. ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ, ಗ್ಯಾರೇಜಿನವರು ಅದನ್ನು ಸಂಗ್ರಹಿಸುವವರಿಗೆ ಕೊಡುತ್ತಾರೆ. ಕೊಡುವ ಮೊದಲು ಅದರಲ್ಲಿ ಒಂದಿಷ್ಟನ್ನು ಬಿಳಿ ಲೋಟಕ್ಕೆ ಹಾಕಿ, ಈಗ ಡಿಪ್‌ಸ್ಟಿಕ್‌ನಿಂದ ತೊಟ್ಟಿಕ್ಕುವ ಎಣ್ಣೆಯೊಂದಿಗೆ ಹೋಲಿಸಿ ನೋಡಿ. ಒಂದು ತಿಳಿಯಾಗಿ ಇನ್ನೊಂದು ಕಪ್ಪಾಗಿದ್ದರೆ ನನ್ನ ಊಹೆ ಸರಿ. ಎರಡೂ ಒಂದೇ ಬಣ್ಣದವಾಗಿದ್ದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ, ಆಗ ಒತ್ತಡದ ಸ್ವಿಚ್ ಇರುವ ಜಾಗಕ್ಕೆ ಗೇಜ್ ಜೋಡಿಸಿ ನಿಜವಾದ ಒತ್ತಡವನ್ನು ಅಳೆಯುವಂತೆ ಮೇಸ್ತ್ರಿಗೆ ಹೇಳಿ. ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸುವ ಹಕ್ಕು ಆ ಗೇಜಿಗೆ ಮಾತ್ರ ಇದೆ.