ಮೂಗು ಓರೆಯಾಗಿದೆ, ಮದುವೆಗೆ ಮುಂಚೆ ಸರಿಪಡಿಸಿಕೊಳ್ಳಲೇ?

ಪ್ರಶ್ನೆ: ನನಗೆ 25 ವರ್ಷ. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡುವಾಗ ಮೂಗಿಗೆ ಜೋರಾಗಿ ಪೆಟ್ಟು ಬಿದ್ದಿತ್ತು. ರಕ್ತ ನಿಂತಿತಲ್ಲ ಎಂದು ಮನೆಯಲ್ಲಿ ಸುಮ್ಮನಾದರು. ಅಂದಿನಿಂದ ಮೂಗು ಎಡಕ್ಕೆ ವಾಲಿದೆ, ಹೊಳ್ಳೆಗಳು ಒಂದು ದೊಡ್ಡದು, ಒಂದು ಚಿಕ್ಕದು. ಯಾವ ಮಗ್ಗುಲಿಗೆ ಮಲಗಿದರೂ ಎಡ ಹೊಳ್ಳೆ ಕಟ್ಟಿಕೊಂಡೇ ಇರುತ್ತದೆ. ಸೆಲ್ಫಿಯಲ್ಲಂತೂ ಮೂಗೊಂದೇ ಕಾಣುತ್ತದೆ. ಇನ್ನು ನಾಲ್ಕು ತಿಂಗಳಿಗೆ ನನ್ನ ಮದುವೆ. ಅಷ್ಟರೊಳಗೆ ಮಾಡಿಸಿಬಿಡು ಎಂದು ಅಮ್ಮ, ದೇವರು ಕೊಟ್ಟ ಮೂಗಿಗೆ ಕತ್ತರಿ ಹಾಕಿಸುವ ವಿದೇಶಿ ಶೋಕಿ ಬೇಡ ಎಂದು ಅಪ್ಪ. ಶಸ್ತ್ರಚಿಕಿತ್ಸೆಯೇ ಬೇಡ, ಇಂಜೆಕ್ಷನ್‌ನಿಂದ ಅರ್ಧ ಗಂಟೆಯಲ್ಲಿ ನೇರ ಮಾಡುತ್ತೇವೆ ಎಂದು ಒಂದು ಕ್ಲಿನಿಕ್ಕಿನವರು ಹೇಳಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ಎಡ ಹೊಳ್ಳೆಯ ವಿಚಾರವೇ ನನ್ನ ಮಟ್ಟಿಗೆ ಈ ಪತ್ರದ ಮುಖ್ಯ ವಿಷಯ. ಆರೋಗ್ಯವಂತರಲ್ಲೂ ಕೆಲವು ಗಂಟೆಗಳಿಗೊಮ್ಮೆ ಒಂದು ಹೊಳ್ಳೆ ಬಿಗಿದು ಇನ್ನೊಂದು ಸಡಿಲವಾಗುತ್ತಿರುತ್ತದೆ, ಮಗ್ಗುಲಾಗಿ ಮಲಗಿದಾಗ ಕೆಳಗಿನ ಹೊಳ್ಳೆ ಕಟ್ಟುವುದೂ ಸಹಜ. ಆದರೆ ಹೇಗೆ ಮಲಗಿದರೂ ಅದೇ ಹೊಳ್ಳೆ ವರ್ಷಗಟ್ಟಲೆ ಕಟ್ಟಿದ್ದರೆ ಒಳಗಿನ ನಡುಗೋಡೆ ಬಾಗಿರುವ ಸಂಭವ ಹೆಚ್ಚು. ಇಡೀ ಮೂಗಿನಲ್ಲಿ ಮೇಲಿನ ಮೂರನೆಯ ಒಂದು ಪಾಲಷ್ಟೇ ಮೂಳೆ, ಉಳಿದದ್ದು ಮೃದ್ವಸ್ಥಿ (ಬಾಗುವ ಮೆದು ಮೂಳೆ), ಮತ್ತು ಆ ಭಾಗವನ್ನು ಎತ್ತಿ ಹಿಡಿದಿರುವುದು ಈ ನಡುಗೋಡೆಯೇ ಆದ್ದರಿಂದ ಅದು ಬಾಗಿದರೆ ಹೊರಗಿನ ಮೂಗೂ ವಾಲುತ್ತದೆ. ಪೆಟ್ಟು ಬಿದ್ದ ಒಂದೆರಡು ವಾರಗಳೊಳಗೆ ತೋರಿಸಿದ್ದರೆ ಮುರಿದ ಮೂಳೆಯನ್ನು ಸ್ವಸ್ಥಾನಕ್ಕೆ ಕೂರಿಸುವುದು ಸುಲಭವಿತ್ತು. ಈಗ ಎಲ್ಲವೂ ಓರೆಯಾಗಿಯೇ ಕೂಡಿಕೊಂಡಿದೆ.

ಆದ್ದರಿಂದ ಮೊದಲು ಇ.ಎನ್.ಟಿ. ತಜ್ಞರ ಬಳಿ ಹೋಗಿ ಎಂಡೋಸ್ಕೋಪ್‌ನಿಂದ ಮೂಗಿನ ಒಳಭಾಗವನ್ನು ಪರೀಕ್ಷಿಸಿಕೊಳ್ಳಿ. ಅಲರ್ಜಿಯ ನೆಗಡಿಯಿದ್ದರೆ ಅದಕ್ಕೆ ಔಷಧವಿದೆ, ಕತ್ತರಿ ಬೇಕಿಲ್ಲ. ನಡುಗೋಡೆ ಬಾಗಿರುವುದು ಖಚಿತವಾದರೆ ಉಸಿರಾಟದ ತೊಂದರೆಯನ್ನೂ ಹೊರಗಿನ ಓರೆಯನ್ನೂ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಸರಿಪಡಿಸಲು ಸಾಧ್ಯವೇ ಎಂದು ತಪ್ಪದೆ ಕೇಳಿ. ಮೂಗನ್ನು ನೇರವಾಗಿ ನಿಲ್ಲಿಸಲು ಊರುಗೋಲಿನಂತೆ ಕೂರಿಸುವ ಮೃದ್ವಸ್ಥಿಯ ಪಟ್ಟಿಗಳನ್ನು ಸಾಮಾನ್ಯವಾಗಿ ಇದೇ ನಡುಗೋಡೆಯಿಂದ ತೆಗೆಯುತ್ತಾರೆ. ಈಗ ನಡುಗೋಡೆಯನ್ನಷ್ಟೇ ಸರಿಪಡಿಸುವಾಗ ಅದನ್ನು ಕತ್ತರಿಸಿ ತೆಗೆದುಬಿಟ್ಟರೆ, ಮುಂದೆ ರೂಪಕ್ಕಾಗಿ ಮತ್ತೆ ಹೋದಾಗ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತರಬೇಕಾಗುತ್ತದೆ.

ಇನ್ನು ರೂಪದ ಮಾತು. ಶಸ್ತ್ರಚಿಕಿತ್ಸೆಯಿಂದ ಓರೆ ಗಣನೀಯವಾಗಿ ಕಡಿಮೆಯಾಗುತ್ತದೆ. ದಾರ ಹಿಡಿದು ಅಳೆದಂತೆ ನೇರವಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಬಾಗಿದ ಮೃದ್ವಸ್ಥಿಗೆ ಹಳೆಯ ಬಾಗಿಗೇ ಮರಳುವ ಗುಣವಿದೆ, ಕೆಲವರಿಗೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುವುದೂ ಉಂಟು. ಅಲ್ಲದೆ ಯಾರ ಮುಖದ ಎಡಬಲಗಳೂ ಒಂದೇ ಸಮನಾಗಿರುವುದಿಲ್ಲ. ಕೆನ್ನೆಯೋ ದವಡೆಯೋ ಒಂದು ಕಡೆ ಕಿರಿದಾಗಿದ್ದರೆ ಮೂಗು ನೇರವಾದ ಮೇಲೂ ಓರೆಯೆಂದೇ ತೋರಬಹುದು. ಸೆಲ್ಫಿಯನ್ನಂತೂ ಸಾಕ್ಷಿಗೆ ಕರೆಯಬೇಡಿ: ಐದು ಅಡಿ ದೂರದಿಂದ ತೆಗೆದ ಚಿತ್ರಕ್ಕಿಂತ ಒಂದು ಅಡಿ ದೂರದಿಂದ ತೆಗೆದದ್ದರಲ್ಲಿ ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ಅಮೆರಿಕದ ಸಂಶೋಧಕರು 2018ರಲ್ಲಿ ಲೆಕ್ಕಹಾಕಿ ತೋರಿಸಿದ್ದಾರೆ. ಬೇರೆಯವರಿಂದ ಐದಾರು ಅಡಿ ದೂರದಲ್ಲಿ ಎದುರಿನಿಂದ, ಎರಡೂ ಪಕ್ಕಗಳಿಂದ ಮತ್ತು ಗದ್ದ ಎತ್ತಿ ಕೆಳಗಿನಿಂದ ಫೋಟೊ ತೆಗೆಸಿ ವೈದ್ಯರಿಗೆ ತೋರಿಸಿ. ಕನ್ನಡಿಯ ಮುಂದೆ ಗಂಟೆಗಟ್ಟಲೆ ಕಳೆಯುವಷ್ಟು, ನಾಲ್ಕು ಜನರ ನಡುವೆ ಹೋಗಲು ಹಿಂಜರಿಯುವಷ್ಟು ಇದು ಕಾಡುತ್ತಿದ್ದರೆ ಮಾತ್ರ ಮೊದಲು ಮನೋವೈದ್ಯರನ್ನು ಕಾಣಬೇಕು, ಏಕೆಂದರೆ ಅಂಥ ಕೊರಗು ಶಸ್ತ್ರಚಿಕಿತ್ಸೆಯಿಂದ ಹೋಗುವುದು ಅಪರೂಪ.

ಇಂಜೆಕ್ಷನ್ ಬೇಡವೇ ಬೇಡ. ಅದರಲ್ಲಿ ಚುಚ್ಚುವ ಫಿಲ್ಲರ್ ಎಂಬ ಜೆಲ್ ಹಳ್ಳ ಬಿದ್ದ ಕಡೆ ತುಂಬಿ ಓರೆಯನ್ನು ಕೆಲವು ತಿಂಗಳು ಮರೆಮಾಚಬಹುದೇ ಹೊರತು ಕಟ್ಟಿದ ಹೊಳ್ಳೆಯನ್ನು ತೆರೆಯಲಾರದು. ಅದು ರಕ್ತನಾಳಕ್ಕೆ ಹೊಕ್ಕರೆ ಮೂಗಿನ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಅರ್ಧ ಗಂಟೆಯ ಕೆಲಸವೆಂದವರು ಇದನ್ನೂ ಹೇಳಿದರೇ?

ತಾಯಿಯವರ ಅವಸರವನ್ನೂ ನಾನು ಒಪ್ಪಲಾರೆ. ಶಸ್ತ್ರಚಿಕಿತ್ಸೆಯ ನಂತರ ಕಣ್ಣಿನ ಸುತ್ತ ಮೂಡುವ ಕಪ್ಪು ಎರಡು ವಾರಗಳಲ್ಲಿ ಮಾಯವಾಗುತ್ತದೆ ನಿಜ, ಆದರೆ ಮೂಗಿನ ಬಾವು, ಮುಖ್ಯವಾಗಿ ತುದಿಯದು, ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಒಂದು ವರ್ಷ ಬೇಕು. ತುದಿಯ ಚರ್ಮ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತದೆ. ಮೊದಲ ಕೆಲವು ವಾರ ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಕನ್ನಡಕದ ಭಾರ ಮೂಗಿನ ಮೇಲೆ ಬೀಳಬಾರದು. ಮೂಗುತಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತೆಗೆದು, ವೈದ್ಯರು ಹೇಳುವವರೆಗೆ ಹಾಕದೆ ಇರಬೇಕು. ಇಷ್ಟನ್ನು ಇಟ್ಟುಕೊಂಡು ಧಾರೆಗೆ ನಿಲ್ಲುವುದು ಬೇಡ. ಮದುವೆ ಮುಗಿಯಲಿ, ಹುಡುಗನಿಗೂ ವಿಷಯ ತಿಳಿಸಿ, ಬಿಡುವು ನೋಡಿಕೊಂಡು ಮಾಡಿಸಿ.

ತಂದೆಯವರಿಗೆ ಒಂದು ಮಾತು. ಇದು ವಿದೇಶಿ ವಿದ್ಯೆಯಲ್ಲ. ಹೊಸ ಮೂಗು ರೂಪಿಸುವ ವಿಧಾನ ಸುಶ್ರುತ ಸಂಹಿತೆಯಲ್ಲೇ ಇದೆ. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕಳೆದುಕೊಂಡ, ಬ್ರಿಟಿಷ್ ಸೇನೆಯ ಎತ್ತಿನಗಾಡಿ ಹೊಡೆಯುತ್ತಿದ್ದ ಕಾವಸ್‌ಜಿಗೆ ನಮ್ಮ ದೇಶದ ವೈದ್ಯನೊಬ್ಬ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿಕೊಟ್ಟ ವರದಿ 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮೇಲೆಯೇ ಅಲ್ಲಿನ ವೈದ್ಯರು ಅದನ್ನು ಕಲಿತರು.

ಯಾರ ಬಳಿ ಮಾಡಿಸಬೇಕೆಂದರೆ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಮಾಡಿದವರು, ಇಲ್ಲವೇ ಮೂಗಿನ ಕೆಲಸದಲ್ಲಿ ಪಳಗಿದ ಇ.ಎನ್.ಟಿ. ಶಸ್ತ್ರಚಿಕಿತ್ಸಕರು, ಪೂರ್ಣ ಅರಿವಳಿಕೆ ಕೊಡಬೇಕಾಗುವುದರಿಂದ ಅರಿವಳಿಕೆ ತಜ್ಞರಿರುವ, ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯುಳ್ಳ ಆಸ್ಪತ್ರೆಯೇ ಆಗಬೇಕು. ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಯ ಖರ್ಚನ್ನು ಆರೋಗ್ಯ ವಿಮೆ ಕೊಡುವುದಿಲ್ಲ, ಆದರೆ ಉಸಿರಾಟಕ್ಕೆ ತಡೆಯಾದ ನಡುಗೋಡೆಯ ಭಾಗಕ್ಕೆ ಹಲವು ಪಾಲಿಸಿಗಳು ಕೊಡುತ್ತವೆ. ಸಾಮಾನ್ಯವಾಗಿ ಎರಡು ವರ್ಷ ಕಾಯುವ ಷರತ್ತಿರುವುದರಿಂದ ನಿಮ್ಮ ಪಾಲಿಸಿ ಯಾವಾಗಿನದೆಂದು ನೋಡಿಕೊಂಡು, ಎರಡು ಭಾಗಗಳ ಅಂದಾಜು ವೆಚ್ಚವನ್ನು ಆಸ್ಪತ್ರೆಯಿಂದ ಬೇರೆಬೇರೆಯಾಗಿ ಬರೆಸಿಕೊಳ್ಳಿ.